ಹೆಚ್ಚು ರೆಸಲ್ಯೂಶನ್‌ನ ಪರದೆಯಲ್ಲಿ ರಿಮೋಟ್ ಡೆಸ್ಕ್‌ಟಾಪ್: ಸ್ಕೇಲಿಂಗ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಸಣ್ಣ ಕಚೇರಿಗಳ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ನನ್ನ ಕೆಲಸದಲ್ಲಿ, ಯಾರಾದರೂ ಹೊಸ ಲ್ಯಾಪ್‌ಟಾಪ್ ಕೊಂಡ ಮರುದಿನ ಬರುವ ದೂರು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಮನೆಯಿಂದ ಕಚೇರಿಯ ಕಂಪ್ಯೂಟರ್‌ಗೆ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಸಂಪರ್ಕಿಸಿದರೆ ಅಕ್ಷರಗಳು ಓದಲಾಗದಷ್ಟು ಚಿಕ್ಕದಾಗಿವೆ, ಇಲ್ಲವೇ ಮಸುಕಾಗಿವೆ. ಹಾಗೆ ಬಂದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ನಿಮ್ಮ ಮುಂದೆ ಇರುವುದನ್ನು ‘ಈಚೆಯ ಕಂಪ್ಯೂಟರ್’ ಎಂದೂ ದೂರದಲ್ಲಿರುವುದನ್ನು ‘ಆಚೆಯ ಕಂಪ್ಯೂಟರ್’ ಎಂದೂ ಕರೆದಿದ್ದೇನೆ. ಯಾವ ತೊಂದರೆಯೇ ಬರಲಿ, ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ: ಅಕ್ಷರವನ್ನು ಹಿಗ್ಗಿಸುವ ಕೆಲಸವನ್ನು (ಇದಕ್ಕೇ ಸ್ಕೇಲಿಂಗ್ ಎನ್ನುವುದು) ಈಚೆಯದು ಮಾಡುತ್ತಿದೆಯೇ, ಆಚೆಯದು ಮಾಡುತ್ತಿದೆಯೇ, ಎರಡೂ ಮಾಡುತ್ತಿವೆಯೇ, ಅಥವಾ ಯಾವುದೂ ಮಾಡುತ್ತಿಲ್ಲವೇ?

ಪ್ರಶ್ನೆ: ಲ್ಯಾಪ್‌ಟಾಪ್‌ನಲ್ಲಿ ಉಳಿದೆಲ್ಲವೂ ಸರಿಯಾಗಿಯೇ ಕಾಣುತ್ತದೆ. ರಿಮೋಟ್ ಡೆಸ್ಕ್‌ಟಾಪ್ ತೆರೆದಾಗ ಮಾತ್ರ ಅಕ್ಷರಗಳು ಸಾಸಿವೆ ಕಾಳಿನಷ್ಟಾಗುವುದೇಕೆ?

ಕಚೇರಿಯ ಹಳೆಯ 24 ಇಂಚಿನ ಮಾನಿಟರ್‌ನಲ್ಲಿ 1920×1080 ಪಿಕ್ಸೆಲ್‌ಗಳು, ಅಂದರೆ ಚಿತ್ರದ ಚುಕ್ಕೆಗಳು, ಇದ್ದರೆ ಪ್ರತಿ ಇಂಚಿಗೆ ಸುಮಾರು 92 ಪಿಕ್ಸೆಲ್‌ಗಳಾಗುತ್ತವೆ. ಈಗ ಬರುತ್ತಿರುವ 14 ಇಂಚಿನ, 2880×1800 ಪಿಕ್ಸೆಲ್‌ಗಳ ಲ್ಯಾಪ್‌ಟಾಪ್‌ನಲ್ಲಿ ಅದೇ ಒಂದು ಇಂಚಿನೊಳಗೆ ಸುಮಾರು 243 ಪಿಕ್ಸೆಲ್‌ಗಳು ಕೂತಿರುತ್ತವೆ. ಆಚೆಯ ಕಂಪ್ಯೂಟರ್ 16 ಪಿಕ್ಸೆಲ್ ಎತ್ತರದ ಅಕ್ಷರವನ್ನು ಬರೆದು ಕಳುಹಿಸಿದರೆ, ಕಚೇರಿಯ ಮಾನಿಟರ್‌ನಲ್ಲಿ ಅದು ನಾಲ್ಕೂವರೆ ಮಿಲಿಮೀಟರ್‌ಗೆ ಹತ್ತಿರವಿರುತ್ತದೆ, ಲ್ಯಾಪ್‌ಟಾಪ್‌ನಲ್ಲಿ ಎರಡು ಮಿಲಿಮೀಟರ್‌ಗೂ ಕಡಿಮೆ. ಲ್ಯಾಪ್‌ಟಾಪ್‌ನಲ್ಲಿ ಓಡುವ ಬೇರೆ ಪ್ರೋಗ್ರಾಂಗಳಿಗೆ ‘ಎಲ್ಲವನ್ನೂ ಎರಡರಷ್ಟು ದೊಡ್ಡದಾಗಿ ಬರೆ’ ಎಂದು ವಿಂಡೋಸ್ ಹೇಳಿರುತ್ತದೆ. ಆ ಮಾತು ಆಚೆಗೆ ತಲುಪದಿದ್ದಾಗ, ಅಥವಾ ತಲುಪಿದರೂ ಆಚೆಯದು ಅದನ್ನು ಪಾಲಿಸಲಾರದಷ್ಟು ಹಳೆಯದಾಗಿದ್ದಾಗ, ಹೀಗಾಗುತ್ತದೆ. ಸಂಪರ್ಕದಲ್ಲಿ ದೋಷವಿಲ್ಲ, ನಿಮ್ಮ ಕಣ್ಣಿನಲ್ಲಿಯೂ ಇಲ್ಲ.

ಪ್ರಶ್ನೆ: 125, 150, 200 ಶೇಕಡಾ ಎಂಬ ಲೆಕ್ಕಗಳು ಯಾವುದರ ಮೇಲೆ?

ವಿಂಡೋಸ್ ಮೊದಲಿನಿಂದಲೂ ಇಂಚಿಗೆ 96 ಚುಕ್ಕೆಗಳೆಂದು (ಈ ಅಳತೆಗೇ ಡಿಪಿಐ ಎನ್ನುವುದು) ಊಹಿಸಿಕೊಂಡಿದೆ, ಅದೇ ಶೇಕಡಾ 100. ಅಲ್ಲಿಂದ 120 ಎಂದರೆ 125, 144 ಎಂದರೆ 150, 192 ಎಂದರೆ 200. ಹಳೆಯ ಪ್ರೋಗ್ರಾಂಗಳ ಸೆಟ್ಟಿಂಗ್‌ಗಳಲ್ಲಿ 96 ಅಥವಾ 144 ಎಂಬ ಅಂಕಿ ಕಂಡರೆ ಗಾಬರಿಯಾಗಬೇಕಿಲ್ಲ.

ಪ್ರಶ್ನೆ: ಆಚೆಯ ಕಂಪ್ಯೂಟರ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಸ್ಕೇಲ್ ಬದಲಿಸಲು ನೋಡಿದರೆ, ಆ ಆಯ್ಕೆಯೇ ಬೂದು ಬಣ್ಣದಲ್ಲಿದೆ. ಇದನ್ನು ಕಚೇರಿಯವರು ತಡೆದಿದ್ದಾರೆಯೇ?

ಯಾರೂ ತಡೆದಿಲ್ಲ. ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಬಳಸುವಾಗ ಆಚೆಯ ಮಾನಿಟರ್ ಲೆಕ್ಕಕ್ಕೇ ಬರುವುದಿಲ್ಲ. ನಿಮ್ಮ ಸೆಷನ್‌ಗಾಗಿ, ಅಂದರೆ ಆಚೆಯಲ್ಲಿ ನೀವು ಸೈನ್ ಇನ್ ಆದಾಗಿನಿಂದ ಸೈನ್ ಔಟ್ ಆಗುವವರೆಗಿನ ಕೆಲಸಕ್ಕಾಗಿ, ಒಂದು ಕಾಲ್ಪನಿಕ ಪರದೆ ಹುಟ್ಟಿಕೊಳ್ಳುತ್ತದೆ, ಅದರ ಅಳತೆಯನ್ನೂ ಸ್ಕೇಲನ್ನೂ ಈಚೆಯ ಕಂಪ್ಯೂಟರ್ ಸಂಪರ್ಕಿಸುವ ಹೊತ್ತಿನಲ್ಲಿ ಹೇಳಿಕೊಡುತ್ತದೆ. ಆದ್ದರಿಂದ ಬದಲಾವಣೆಯನ್ನು ಈಚೆಯಲ್ಲಿಯೇ ಮಾಡಬೇಕು: ಲ್ಯಾಪ್‌ಟಾಪ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಸ್ಕೇಲ್ ಬದಲಿಸಿ, ನಂತರ ಮತ್ತೆ ಸಂಪರ್ಕಿಸಿ. ಹೀಗೆ ಸ್ಕೇಲ್ ಹೇಳಿಕೊಡುವ ಏರ್ಪಾಡು ಬಂದದ್ದು 2013ರ ವಿಂಡೋಸ್ 8.1 ಮತ್ತು ಸರ್ವರ್ 2012 ಆರ್2 ಕಾಲದಲ್ಲಿ. ಎರಡೂ ಬದಿಯಲ್ಲಿ ಅಷ್ಟು ಅಥವಾ ಅದಕ್ಕಿಂತ ಹೊಸ ವಿಂಡೋಸ್ ಇದ್ದರೆ, ಸಾಮಾನ್ಯವಾಗಿ ನೀವು ಏನನ್ನೂ ಮಾಡಬೇಕಾಗಿ ಬರುವುದಿಲ್ಲ.

ಪ್ರಶ್ನೆ: ಹೇಳಿದಂತೆ ಬದಲಿಸಿ ಮತ್ತೆ ಸಂಪರ್ಕಿಸಿದೆ. ಸ್ಟಾರ್ಟ್ ಮೆನು ಸರಿಯಾಯಿತು, ಆದರೆ ಲೆಕ್ಕಪತ್ರದ ಪ್ರೋಗ್ರಾಂ ಮಾತ್ರ ಮಸುಕಾಗಿಯೇ ಉಳಿದಿದೆ. ಏಕೆ?

ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಇದರ ಕುರಿತೇ ಇರುತ್ತವೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕಿಟಕಿಯ ಮೂಲೆಯ ಗುಣಿಸು ಗುರುತನ್ನು ಒತ್ತಿ ಹೊರಬಂದರೆ ಅದು ಸಂಪರ್ಕ ಕಡಿದದ್ದು ಮಾತ್ರ, ಆಚೆಯಲ್ಲಿ ನಿಮ್ಮ ಸೆಷನ್ ತೆರೆದ ಪುಸ್ತಕದಂತೆ ಹಾಗೆಯೇ ಉಳಿದಿರುತ್ತದೆ. ಸೈನ್ ಔಟ್ ಮಾಡುವುದು ಬೇರೆಯೇ ಸಂಗತಿ. ಪ್ರೋಗ್ರಾಂಗಳಲ್ಲಿ ಕೆಲವು, ಪರದೆಯ ಸ್ಕೇಲ್ ನಡುವೆ ಬದಲಾದರೆ ತಾವೂ ಕೂಡಲೇ ಬದಲಾಗುವಂತೆ ಬರೆದಂಥವು. ಹಳೆಯ ಮಾದರಿಯವು ಸೈನ್ ಇನ್ ಆದಾಗ ಇದ್ದ ಸ್ಕೇಲನ್ನೇ ಕೊನೆಯವರೆಗೂ ನಂಬಿಕೊಂಡಿರುತ್ತವೆ. ಬೆಳಿಗ್ಗೆ ಕಚೇರಿಯ ಮಾನಿಟರ್ ಮುಂದೆ ಕುಳಿತು ಶೇಕಡಾ 100ರಲ್ಲಿ ಸೈನ್ ಇನ್ ಮಾಡಿ, ಸಂಜೆ ಮನೆಗೆ ಹೋಗಿ ಅದೇ ಸೆಷನ್‌ಗೆ ಶೇಕಡಾ 200ರ ಲ್ಯಾಪ್‌ಟಾಪ್‌ನಿಂದ ಸಂಪರ್ಕಿಸಿದರೆ, ಅಂಥ ಪ್ರೋಗ್ರಾಂ ಮೊದಲಿನ ಗಾತ್ರದಲ್ಲಿಯೇ ತನ್ನ ಕಿಟಕಿಯನ್ನು ಬರೆಯುತ್ತದೆ, ವಿಂಡೋಸ್ ಅದನ್ನು ಫೋಟೋ ಹಿಗ್ಗಿಸಿದಂತೆ ಹಿಗ್ಗಿಸಿ ತೋರಿಸುತ್ತದೆ. ಮಸುಕು ಅಲ್ಲಿಂದ ಬರುತ್ತದೆ. ವಿಂಡೋಸ್ 8.1ರ ಕಾಲದ ಯಂತ್ರವಾದರೆ ಮರುಸಂಪರ್ಕದಲ್ಲಿ ಸ್ಕೇಲ್ ಬದಲಾಗದೆ, ಇಡೀ ಸೆಷನ್ ಹಳೆಯ ಗಾತ್ರದಲ್ಲಿಯೇ ಉಳಿಯುತ್ತದೆ.

ಪರಿಹಾರ ಸರಳ: ಕೆಲಸವನ್ನು ಉಳಿಸಿ, ಆಚೆಯ ಕಂಪ್ಯೂಟರ್‌ನಿಂದ ಪೂರ್ತಿಯಾಗಿ ಸೈನ್ ಔಟ್ ಮಾಡಿ, ಹೊಸದಾಗಿ ಸಂಪರ್ಕಿಸಬೇಕು. ಲೆಕ್ಕಪರಿಶೋಧಕರ ಕಚೇರಿಯೊಂದರಲ್ಲಿ ಒಬ್ಬರು ಎರಡು ವಾರ ಈ ಮಸುಕಿನೊಂದಿಗೆ ಹೆಣಗಿ, ಕನ್ನಡಕದ ನಂಬರ್ ಬದಲಾಗಿರಬೇಕೆಂದು ಕಣ್ಣಿನ ವೈದ್ಯರಲ್ಲಿಗೂ ಹೋಗಿ ಬಂದಿದ್ದರು. ನಾನು ಹೋಗಿ ನೋಡಿದಾಗ ಅವರ ಸೆಷನ್ ಹದಿನಾರು ದಿನಗಳಿಂದ ಸೈನ್ ಔಟ್ ಆಗಿರಲಿಲ್ಲ.

ಸೈನ್ ಔಟ್ ಮಾಡಿದ ಮೇಲೂ ಒಂದು ಪ್ರೋಗ್ರಾಂ ಮಾತ್ರ ಮಸುಕಾಗಿದ್ದರೆ, ಆಚೆಯಲ್ಲಿ ಅದರ ಐಕಾನ್ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿ ಟ್ಯಾಬ್‌ನಲ್ಲಿ ‘ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್’ ತೆರೆಯಿರಿ. ಅಲ್ಲಿ ಕೆಳಗೆ ಅಪ್ಲಿಕೇಶನ್, ಸಿಸ್ಟಮ್, ಸಿಸ್ಟಮ್ ಎನ್‌ಹ್ಯಾನ್ಸ್ಡ್ ಎಂಬ ಮೂರು ಆಯ್ಕೆಗಳಿವೆ. ಮೂರನೆಯದು 2017ರಲ್ಲಿ, ವಿಂಡೋಸ್ 10ರ 1703ನೆಯ ಆವೃತ್ತಿಯೊಂದಿಗೆ ಬಂತು. ಇಡೀ ಚಿತ್ರವನ್ನು ಹಿಗ್ಗಿಸುವ ಬದಲು ಅಕ್ಷರಗಳನ್ನು ದೊಡ್ಡ ಗಾತ್ರದಲ್ಲಿ ಹೊಸದಾಗಿ ಬರೆಸುವುದರಿಂದ, ಹಳೆಯ ಬಿಲ್ಲಿಂಗ್ ಮತ್ತು ಲೆಕ್ಕಪತ್ರದ ಪ್ರೋಗ್ರಾಂಗಳಿಗೆ ನಾನು ಮೊದಲು ಪ್ರಯತ್ನಿಸುವುದು ಇದನ್ನೇ. ಕೆಲವು ಪ್ರೋಗ್ರಾಂಗಳಲ್ಲಿ ಗುಂಡಿಗಳು ಒಂದರ ಮೇಲೊಂದು ಏರಿಬಿಡುತ್ತವೆ, ಆಗ ‘ಸಿಸ್ಟಮ್’ಗೆ ಹಿಂದಿರುಗಿ ಮಸುಕನ್ನು ಸಹಿಸಿಕೊಳ್ಳಬೇಕಷ್ಟೆ.

ಪ್ರಶ್ನೆ: ಆಚೆಯಲ್ಲಿರುವುದು ವಿಂಡೋಸ್ 7. ಅದನ್ನು ಬದಲಿಸುವ ಸ್ಥಿತಿಯಲ್ಲಿ ಕಚೇರಿಯಿಲ್ಲ. ಏನು ಮಾಡಬಹುದು?

ವಿಂಡೋಸ್ 7 ಮತ್ತು ಸರ್ವರ್ 2008 ಆರ್2 ಎರಡಕ್ಕೂ ವಿಸ್ತೃತ ಬೆಂಬಲವೂ 2020ರ ಜನವರಿ 14ರಂದೇ ಮುಗಿದಿದೆ. ಅಂಥ ಕಂಪ್ಯೂಟರ್ ಅಂತರ್ಜಾಲಕ್ಕೆ ತೆರೆದುಕೊಂಡಿದ್ದರೆ ಅಕ್ಷರದ ಗಾತ್ರಕ್ಕಿಂತ ದೊಡ್ಡ ಚಿಂತೆ ಬೇರೆಯಿದೆ ಎಂಬುದನ್ನು ಹೇಳಲೇಬೇಕು. ಅದಿರಲಿ. ಆಚೆಯದು ಸ್ಕೇಲಿನ ಮಾತನ್ನು ಕೇಳಿಸಿಕೊಳ್ಳದ ಕಾರಣ ಹಿಗ್ಗಿಸುವ ಕೆಲಸವನ್ನು ಈಚೆಯೇ ಮಾಡಬೇಕು. ಸಂಪರ್ಕಿಸುವ ಮುನ್ನ ರಿಮೋಟ್ ಡೆಸ್ಕ್‌ಟಾಪ್ ಪ್ರೋಗ್ರಾಂನ ಡಿಸ್‌ಪ್ಲೇ ಟ್ಯಾಬ್‌ನಲ್ಲಿ ನಿಮ್ಮ ಪರದೆಯ ಸರಿಯಾಗಿ ಅರ್ಧದಷ್ಟು ರೆಸಲ್ಯೂಶನ್ ಆರಿಸಿಕೊಳ್ಳಿ; 2880×1800 ಇದ್ದರೆ 1440×900. ಸಂಪರ್ಕವಾದ ಮೇಲೆ ಕಿಟಕಿಯ ಶೀರ್ಷಿಕೆ ಪಟ್ಟಿಯ ಮೇಲೆ ಬಲ ಕ್ಲಿಕ್ ಮಾಡಿದರೆ ಬರುವ ಮೆನುವಿನಲ್ಲಿ ಝೂಮ್ ಎಂಬುದಿದೆ, ಅಲ್ಲಿ ಶೇಕಡಾ 200 ಕೊಡಿ. ಆಚೆಯ ಒಂದು ಪಿಕ್ಸೆಲ್ ಈಚೆ ಎರಡಕ್ಕೆರಡರ ಚೌಕವಾಗುವುದರಿಂದ, ಅಕ್ಷರಗಳು ನುಣುಪಾಗಿ ಕಾಣದಿದ್ದರೂ ಹದವಾದ ಗಾತ್ರಕ್ಕೆ ಬರುತ್ತವೆ. ಒಂದೂವರೆಪಟ್ಟು ಎಂಬಂಥ ಲೆಕ್ಕಕ್ಕೆ ಹೋದರೆ ಒಂದು ಪಿಕ್ಸೆಲ್ಲಿನ ಗೆರೆ ಕೆಲವೆಡೆ ಒಂದು, ಕೆಲವೆಡೆ ಎರಡು ಪಿಕ್ಸೆಲ್ ಆಗಿ, ಕೋಷ್ಟಕದ ಗೆರೆಗಳು ದಪ್ಪವೂ ತೆಳುವೂ ಆಗಿ ಕಾಣುತ್ತವೆ.

ಅದೇ ಮೆನುವಿನಲ್ಲಿರುವ ‘ಸ್ಮಾರ್ಟ್ ಸೈಜಿಂಗ್’ ಸೆಷನ್ನಿನ ಚಿತ್ರವನ್ನು ಕಿಟಕಿಯ ಅಳತೆಗೆ ಹೊಂದಿಸುತ್ತದೆ. ಅನುಕೂಲವೇನೋ ಹೌದು, ಆದರೆ ಕಿಟಕಿಯ ಅಂಚನ್ನು ಎಳೆದಂತೆಲ್ಲ ಅನುಪಾತ ಬದಲಾಗುವುದರಿಂದ ಅಕ್ಷರ ಸ್ಪಷ್ಟವಾಗಿ ನಿಲ್ಲುವುದು ಅಪರೂಪ.

ರಿಮೋಟ್ ಡೆಸ್ಕ್‌ಟಾಪ್ ಪ್ರೋಗ್ರಾಂನ ಪಕ್ಕದಲ್ಲಿ ಮ್ಯಾನಿಫೆಸ್ಟ್ ಎಂಬ ಫೈಲೊಂದನ್ನು ಇಟ್ಟು, ವಿಂಡೋಸ್ ತನ್ನ ಒಳ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಒಂದು ಅಂಕಿಯನ್ನು ಬದಲಿಸಿ, ಆ ಪ್ರೋಗ್ರಾಂಗೆ ಹೆಚ್ಚು ರೆಸಲ್ಯೂಶನ್ನಿನ ಅರಿವೇ ಇಲ್ಲವೆಂದು ವಿಂಡೋಸ್‌ಗೆ ನಂಬಿಸುವ ಉಪಾಯವೊಂದು ಬಹಳ ವರ್ಷಗಳಿಂದ ಬಾಯಿಂದ ಬಾಯಿಗೆ ಹರಡಿದೆ. ಅದು ಕೆಲಸ ಮಾಡುತ್ತದೆ. ಆದರೆ ಹೊಸ ಸರ್ವರ್‌ಗಳಿಗೆ ಸಂಪರ್ಕಿಸುವಾಗಲೂ ಎಲ್ಲವನ್ನೂ ಮಸುಕು ಮಾಡಿಬಿಡುವುದರಿಂದ, ಝೂಮ್ ಸಿಗುವ ಕಡೆ ನಾನು ಅದರ ಗೋಜಿಗೆ ಹೋಗುವುದಿಲ್ಲ.

ಪ್ರಶ್ನೆ: ಲ್ಯಾಪ್‌ಟಾಪ್‌ನ ಸ್ಕೇಲ್ ಬದಲಿಸದೆ, ಆ ಒಂದು ಸಂಪರ್ಕಕ್ಕೆ ಮಾತ್ರ ಬೇರೆ ಸ್ಕೇಲ್ ಕೊಡಬಹುದೇ?

ಕೊಡಬಹುದು. ಸಂಪರ್ಕದ ವಿವರಗಳನ್ನು ಆರ್‌ಡಿಪಿ (ರಿಮೋಟ್ ಡೆಸ್ಕ್‌ಟಾಪ್ ಪ್ರೋಟೊಕಾಲ್) ಫೈಲಾಗಿ ಉಳಿಸಿ, ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಪ್ರತಿ ಸಾಲಿನಲ್ಲಿ ಒಂದು ಹೆಸರು, ಕೋಲನ್, ಐ ಅಥವಾ ಎಸ್ ಅಕ್ಷರ, ಮತ್ತೆ ಕೋಲನ್, ಕೊನೆಗೆ ಬೆಲೆ ಹೀಗೆ ಇರುವುದು ಕಾಣುತ್ತದೆ. ‘ಡೆಸ್ಕ್‌ಟಾಪ್‌ಸ್ಕೇಲ್‌ಫ್ಯಾಕ್ಟರ್’ ಎಂಬ ಹೆಸರನ್ನು ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಬರೆದು, ಐ ಅಕ್ಷರದ ಮುಂದಿನ ಕೋಲನ್ನಿನ ನಂತರ 150 ಎಂದೋ 200 ಎಂದೋ ಸೇರಿಸಿ.

ಲಿನಕ್ಸ್‌ನಲ್ಲಿ ಫ್ರೀಆರ್‌ಡಿಪಿ ಎಂಬ ರಿಮೋಟ್ ಡೆಸ್ಕ್‌ಟಾಪ್ ಪ್ರೋಗ್ರಾಂ ಬಳಸುವವರು ಇಲ್ಲಿ ಎಡವುತ್ತಾರೆ. ಆರ್‌ಡಿಪಿ ನಿಯಮದ ಪ್ರಕಾರ ಎರಡು ಸ್ಕೇಲ್‌ಗಳು ಹೋಗುತ್ತವೆ: ಡೆಸ್ಕ್‌ಟಾಪ್‌ನದು 100ರಿಂದ 500ರೊಳಗೆ ಇರಬೇಕು, ಸಾಧನದ್ದು 100, 140, 180 ಈ ಮೂರರಲ್ಲಿ ಒಂದಾಗಿರಬೇಕು. ಎರಡರಲ್ಲಿ ಒಂದು ತಪ್ಪಿದರೂ ಆಚೆಯದು ಎರಡನ್ನೂ ಕೈಬಿಡುತ್ತದೆ. ಸಾಧನದ ಸ್ಕೇಲ್‌ಗೂ 200 ಎಂದು ಬರೆದು, ಏನೂ ಬದಲಾಗಲಿಲ್ಲವೆಂದು ತಲೆ ಕೆಡಿಸಿಕೊಂಡವರಲ್ಲಿ ನಾನೂ ಒಬ್ಬ.

ಪ್ರಶ್ನೆ: ನಾನು ಬಳಸುವುದು ಎನಿಡೆಸ್ಕ್ ಅಥವಾ ಟೀಮ್‌ವ್ಯೂವರ್. ಮೇಲಿನ ಯಾವುದೂ ಅಲ್ಲಿ ಕಾಣುತ್ತಿಲ್ಲವಲ್ಲ?

ಅವು ಬೇರೆಯೇ ಬಗೆಯವು. ವಿಎನ್‌ಸಿಯೂ ಇದೇ ಗುಂಪಿಗೆ ಸೇರುತ್ತದೆ. ಇವು ನಿಮಗಾಗಿ ಹೊಸ ಪರದೆಯನ್ನು ಹುಟ್ಟಿಸುವುದಿಲ್ಲ, ಆಚೆಯ ಮಾನಿಟರ್‌ನಲ್ಲಿ ಈಗಾಗಲೇ ಕಾಣುತ್ತಿರುವುದರ ಚಿತ್ರವನ್ನು ಕಳುಹಿಸುತ್ತವೆ. ಆದ್ದರಿಂದ ಆಚೆಯ ಸ್ಕೇಲನ್ನು ಆಚೆಯಲ್ಲಿಯೇ ಬದಲಿಸಬಹುದು, ಬೂದು ಬಣ್ಣದ ತಡೆಯಿರುವುದಿಲ್ಲ. ಆದರೆ ಅಲ್ಲಿ ಯಾರಾದರೂ ಕುಳಿತಿದ್ದರೆ ಅವರ ಪರದೆಯೂ ಬದಲಾಗುತ್ತದೆ. ಈಚೆಯಲ್ಲಿ ಸಿಗುವುದು ಮೂಲ ಗಾತ್ರ, ಕುಗ್ಗಿಸು, ಹಿಗ್ಗಿಸು ಎಂಬಂಥ ನೋಟದ ಆಯ್ಕೆಗಳು ಮಾತ್ರ.

ಆಚೆಯದು 4ಕೆ (3840×2160) ಮಾನಿಟರ್, ಈಚೆಯದು 1920×1080ರ ಲ್ಯಾಪ್‌ಟಾಪ್ ಎಂದಿಟ್ಟುಕೊಳ್ಳಿ. ನಾಲ್ಕು ಪಿಕ್ಸೆಲ್‌ಗಳನ್ನು ಒಂದರೊಳಗೆ ತುರುಕಿದಾಗ ಅಕ್ಷರದ ತೆಳು ಭಾಗಗಳು ಕರಗಿಹೋಗುತ್ತವೆ. ಇಂಥಲ್ಲಿ ಆಚೆಯ ರೆಸಲ್ಯೂಶನ್ನನ್ನೇ 1920×1080ಕ್ಕೆ ಇಳಿಸಿ, ಈಚೆಯಲ್ಲಿ ಮೂಲ ಗಾತ್ರದಲ್ಲಿ ನೋಡುವುದು ಉತ್ತಮ. ಆಚೆಯ ಸ್ಕೇಲ್ ಹಿಗ್ಗಿಸಿ, ಈಚೆಯಲ್ಲಿ ಆ ಚಿತ್ರವನ್ನು ಮತ್ತೆ ಕುಗ್ಗಿಸುವಂತೆ ಬಿಟ್ಟಿರುವವರೇ ಹೆಚ್ಚು. ಎರಡು ಸಲ ಹದಗೆಟ್ಟ ಅಕ್ಷರವನ್ನು ಯಾವ ಸೆಟ್ಟಿಂಗೂ ಮತ್ತೆ ನೆಟ್ಟಗೆ ಮಾಡಲಾರದು.

ಪ್ರಶ್ನೆ: ಇಂಗ್ಲಿಷ್ ಹೇಗೋ ಓದಬಹುದು, ಕನ್ನಡವೇ ಹೆಚ್ಚು ಹಾಳಾಗಿ ಕಾಣುವುದೇಕೆ?

ಇದು ಭ್ರಮೆಯಲ್ಲ. ಕನ್ನಡದಲ್ಲಿ ಅರ್ಥವನ್ನು ಬೇರೆ ಮಾಡುವ ಗುರುತುಗಳು ತುಂಬ ಚಿಕ್ಕವು. ದ ಮತ್ತು ಧ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ಪ ಮತ್ತು ಫ, ಬ ಮತ್ತು ಭ ಕೂಡ ಹಾಗೆಯೇ. ಕುಗ್ಗಿಸಿದ ಚಿತ್ರದಲ್ಲಿ ಆ ಸೀಳು ಒಂದು ಪಿಕ್ಸೆಲ್ಲಿಗಿಂತ ಕಿರಿದಾಗಿ ಮಾಯವಾಗುತ್ತದೆ. ಹಾಲಿನ ಸಹಕಾರ ಸಂಘವೊಂದರ ಪಾವತಿ ಪಟ್ಟಿಯನ್ನು ಹೀಗೆ ದೂರದಿಂದ ನೋಡುತ್ತಿದ್ದಾಗ, ಸಾಲುಸಾಲಿನಲ್ಲಿಯೂ ‘ಪ್ರೋತ್ಸಾಹದನ’ ಎಂದು ಕಂಡಿತು. ಹಾಲಿನ ಸಂಘವಾದ್ದರಿಂದ ಅರ್ಥ ಪೂರ್ತಿ ಕೆಡಲಿಲ್ಲವೆನ್ನಿ, ಆದರೆ ಫೈಲಿನಲ್ಲಿದ್ದದ್ದು ‘ಪ್ರೋತ್ಸಾಹಧನ’ವೇ. ಒತ್ತಕ್ಷರಗಳ ಪಾಡು ಇನ್ನೂ ಕಷ್ಟ: ‘ಶಾಸ್ತ್ರ’ದ ಎರಡು ಒತ್ತುಗಳು ಸಾಲಿನ ಕೆಳಗೆ ಚಿಕ್ಕ ಗಾತ್ರದಲ್ಲಿ ಬರುವುದರಿಂದ, ಮೇಲಿನ ಅಕ್ಷರ ಓದಲು ಸಿಕ್ಕರೂ ಒತ್ತು ಕಪ್ಪು ಮಚ್ಚೆಯಾಗಿ ಉಳಿಯುತ್ತದೆ.

ಇದಕ್ಕೆ ಎರಡು ಬಗೆಯ ಮದ್ದುಗಳಿವೆ. ಮೊದಲನೆಯದು ಫಾಂಟ್. ಹಳೆಯ ವಿಂಡೋಸ್‌ನಿಂದ ಬಂದ ತುಂಗಾ ಫಾಂಟ್‌ನ ಗೆರೆಗಳು ತೆಳು, ವಿಂಡೋಸ್ 8ರಿಂದ ಬಂದ ನಿರ್ಮಲಾ ಯುಐ ಇಂಥ ಸಂದರ್ಭಗಳಲ್ಲಿ ಹೆಚ್ಚು ತಾಳಿಕೊಳ್ಳುತ್ತದೆ ಎಂಬುದು ನನ್ನ ಅನುಭವ. ಎರಡನೆಯದು ಬಣ್ಣ. ರಿಮೋಟ್ ಡೆಸ್ಕ್‌ಟಾಪ್ ಪರದೆಯನ್ನು ವಿಡಿಯೋದಂತೆ ಅಡಕಿಸಿ ಕಳುಹಿಸುವಾಗ, ಬೆಳಕಿನ ವಿವರವನ್ನು ಪೂರ್ತಿಯಾಗಿಯೂ ಬಣ್ಣದ ವಿವರವನ್ನು ನಾಲ್ಕು ಪಿಕ್ಸೆಲ್‌ಗಳಿಗೆ ಒಂದರಂತೆಯೂ ಕಳುಹಿಸುವ ಪದ್ಧತಿಯಿದೆ. ಸಿನಿಮಾಕ್ಕೆ ಇದು ಸಾಕು, ಕೆಂಪು ಅಕ್ಷರದಲ್ಲಿ ಬರೆದ ಕನ್ನಡಕ್ಕೆ ಸಾಲದು, ಅಂಚುಗಳಲ್ಲಿ ಬಣ್ಣ ಚೆಲ್ಲಿದಂತಾಗುತ್ತದೆ. ಆರ್‌ಡಿಪಿಯ 10ನೆಯ ಆವೃತ್ತಿಯಿಂದ ಬಣ್ಣವನ್ನೂ ಪೂರ್ತಿ ಕಳುಹಿಸುವ ಎವಿಸಿ 444 ವಿಧಾನವಿದೆ. ಆಚೆಯ ಕಂಪ್ಯೂಟರ್‌ನ ಗ್ರೂಪ್ ಪಾಲಿಸಿಯಲ್ಲಿ, ಅಂದರೆ ಕಂಪ್ಯೂಟರ್‌ಗೆ ನಿಯಮ ಹಾಕುವ ವಿಂಡೋಸ್‌ನ ಸೆಟ್ಟಿಂಗ್‌ಗಳಲ್ಲಿ, ಇದಕ್ಕೆ ಆದ್ಯತೆ ಕೊಡುವ ನಿಯಮವನ್ನು ಚಾಲೂ ಮಾಡಬಹುದು. ಹಾಗೆಯೇ ಈಚೆಯ ಎಕ್ಸ್‌ಪೀರಿಯನ್ಸ್ ಟ್ಯಾಬ್‌ನಲ್ಲಿ ಫಾಂಟ್ ಸ್ಮೂದಿಂಗ್‌ಗೆ ಗುರುತು ಹಾಕಿದೆಯೇ ಎಂದು ನೋಡಿ.

ಪ್ರಶ್ನೆ: ಈಚೆಯದು ಮ್ಯಾಕ್‌ಬುಕ್. ಹೆಚ್ಚು ರೆಸಲ್ಯೂಶನ್ನಿನ ರೆಟಿನಾ ಪರದೆಯಿದ್ದೂ ವಿಂಡೋಸ್ ಸೆಷನ್ ಮಸುಕಾಗಿದೆ.

ಮೈಕ್ರೋಸಾಫ್ಟ್ ರಿಮೋಟ್ ಡೆಸ್ಕ್‌ಟಾಪ್ ಎಂದಿದ್ದ ಮ್ಯಾಕ್ ಆ್ಯಪ್‌ಗೆ 2024ರಿಂದ ವಿಂಡೋಸ್ ಆ್ಯಪ್ ಎಂದು ಹೆಸರು. ಅದರಲ್ಲಿ ಸಂಪರ್ಕವನ್ನು ಎಡಿಟ್ ಮಾಡುವಾಗ ಡಿಸ್‌ಪ್ಲೇ ಭಾಗದಲ್ಲಿ ರೆಟಿನಾ ಪರದೆಗೆ ಹೊಂದಿಸುವ ಒಂದು ಗುರುತಿದೆ. ಅದನ್ನು ಹಾಕದಿದ್ದರೆ ಅಗಲದಲ್ಲಿಯೂ ಎತ್ತರದಲ್ಲಿಯೂ ಅರ್ಧದಷ್ಟೇ ಪಿಕ್ಸೆಲ್‌ಗಳ ಸೆಷನ್ನನ್ನು ತರಿಸಿ ಎರಡರಷ್ಟು ಹಿಗ್ಗಿಸಿ ತೋರಿಸುತ್ತದೆ. ಹಾಕಿದರೆ ಅಕ್ಷರ ಚೂಪಾಗುತ್ತದೆ, ಆದರೆ ಕಳುಹಿಸಬೇಕಾದ ಪಿಕ್ಸೆಲ್‌ಗಳು ನಾಲ್ಕು ಪಟ್ಟಾಗುತ್ತವೆ. ಇನ್ನೊಂದು ಸೂಕ್ಷ್ಮವಿದೆ: 13 ಇಂಚಿನ, 2560×1600ರ ಮ್ಯಾಕ್‌ಬುಕ್ ಏರ್ ಮೊದಲಿನಿಂದಲೇ 1440×900ರಂತೆ ಕಾಣುವ ಹೊಂದಿಕೆಯಲ್ಲಿ ಬರುತ್ತಿತ್ತು. ಅಂದರೆ 2880×1800ರಲ್ಲಿ ಬರೆದು, ಅದನ್ನು ಪರದೆಯ ಅಳತೆಗೆ ಕುಗ್ಗಿಸುತ್ತದೆ. ಮ್ಯಾಕ್‌ನ ಸೆಟ್ಟಿಂಗ್‌ನಲ್ಲಿ 1280×800 ಆರಿಸಿಕೊಂಡರೆ ಆ ಕುಗ್ಗಿಸುವಿಕೆ ತಪ್ಪುತ್ತದೆ.

ಪ್ರಶ್ನೆ: ಲ್ಯಾಪ್‌ಟಾಪ್ ಶೇಕಡಾ 200, ಪಕ್ಕದ ಮಾನಿಟರ್ ಶೇಕಡಾ 100. ಸೆಷನ್ ಕಿಟಕಿಯನ್ನು ಒಂದರಿಂದ ಇನ್ನೊಂದಕ್ಕೆ ಎಳೆದರೆ ಗಾತ್ರ ಏರುಪೇರಾಗುತ್ತದೆ.

ಹೊಸ ವಿಂಡೋಸ್‌ಗಳು ಎರಡೂ ಕಡೆ ಇದ್ದರೆ ಕಿಟಕಿಯನ್ನು ಎಳೆದ ಮೇಲೆ ಸೆಷನ್ನಿನ ಅಳತೆ, ಸ್ಕೇಲ್ ಎರಡೂ ಹೊಂದಿಕೊಳ್ಳಬೇಕು, ಆದರೆ ಒಳಗಿನ ಹಳೆಯ ಪ್ರೋಗ್ರಾಂಗಳು ಮೇಲೆ ಹೇಳಿದ ಕಾರಣಕ್ಕೇ ಹಿಂದುಳಿಯುತ್ತವೆ. ಸೆಷನ್ನನ್ನು ಯಾವಾಗಲೂ ಒಂದೇ ಮಾನಿಟರ್‌ಗೆ ಕಟ್ಟಿಹಾಕುವುದು ನನ್ನ ಸಲಹೆ. ರಿಮೋಟ್ ಡೆಸ್ಕ್‌ಟಾಪ್ ಪ್ರೋಗ್ರಾಂ, ಅಂದರೆ ಎಂಎಸ್‌ಟಿಎಸ್‌ಸಿ, ಇದನ್ನು ಓರೆಗೆರೆ ಮತ್ತು ಎಲ್ ಅಕ್ಷರದೊಂದಿಗೆ ಓಡಿಸಿದರೆ ಮಾನಿಟರ್‌ಗಳ ಕ್ರಮಸಂಖ್ಯೆಗಳ ಪಟ್ಟಿ ಬರುತ್ತದೆ. ಆರ್‌ಡಿಪಿ ಫೈಲಿನ ‘ಸೆಲೆಕ್ಟೆಡ್‌ಮಾನಿಟರ್ಸ್’ ಸಾಲಿನಲ್ಲಿ, ಎಸ್ ಅಕ್ಷರದ ಕೋಲನ್ನಿನ ನಂತರ, ನಿಮಗೆ ಬೇಕಾದ ಸಂಖ್ಯೆಯನ್ನು ಬರೆಯಿರಿ. ‘ಯೂಸ್ ಮಲ್ಟಿಮಾನ್’ ಸಾಲಿನಲ್ಲಿ 1 ಇರಬೇಕು.

ಪ್ರಶ್ನೆ: ಮೌಸ್ ಗುರುತು ಒಂದು ಕಡೆ, ಕ್ಲಿಕ್ ಬೀಳುವುದು ಇನ್ನೊಂದು ಕಡೆ. ಏಕೆ?

ಚಿತ್ರವನ್ನು ಒಂದು ಲೆಕ್ಕದಲ್ಲಿ, ಮೌಸ್‌ನ ಸ್ಥಾನವನ್ನು ಇನ್ನೊಂದು ಲೆಕ್ಕದಲ್ಲಿ ಅಳೆದಾಗ ಹೀಗಾಗುತ್ತದೆ. ಪರದೆಯ ಎಡ ಮೇಲ್ಮೂಲೆಯಲ್ಲಿ ಸರಿಯಾಗಿದ್ದು, ಬಲಕ್ಕೆ ಹೋದಂತೆಲ್ಲ ಅಂತರ ಹೆಚ್ಚುತ್ತಿದ್ದರೆ ಇದೇ ಕಾರಣವೆಂದು ತಿಳಿಯಿರಿ. ಎರಡೂ ಬದಿಯ ತಂತ್ರಾಂಶವನ್ನು ಹೊಸ ಆವೃತ್ತಿಗೆ ತನ್ನಿ. ಆಗಲೂ ಸರಿಹೋಗದಿದ್ದರೆ ಈಚೆಯ ಪ್ರೋಗ್ರಾಂನ ಹೈ ಡಿಪಿಐ ಸೆಟ್ಟಿಂಗ್‌ನಲ್ಲಿ ‘ಅಪ್ಲಿಕೇಶನ್’ ಆರಿಸಿ ನೋಡಿ.

ಪ್ರಶ್ನೆ: ಸ್ಕೇಲ್ ಸರಿಯಾಯಿತು, ಈಗ ಎಲ್ಲವೂ ನಿಧಾನ.

4ಕೆ ಪರದೆಯಲ್ಲಿ 82,94,400 ಪಿಕ್ಸೆಲ್‌ಗಳಿವೆ, 1920×1080ರಲ್ಲಿ 20,73,600. ಪಿಕ್ಸೆಲ್ಲಿಗೆ ನಾಲ್ಕು ಬೈಟ್‌ಗಳಂತೆ, ಅಡಕಿಸದ ಒಂದು ಪೂರ್ಣ ಚಿತ್ರವೇ ಸುಮಾರು 33 ಎಂಬಿ. ಬದಲಾದ ಭಾಗವನ್ನು ಮಾತ್ರ ಅಡಕಿಸಿ ಕಳುಹಿಸುವುದರಿಂದ ಟೈಪ್ ಮಾಡುವಾಗ ತೊಂದರೆ ಕಾಣದು, ದೊಡ್ಡ ಪಟ್ಟಿಯನ್ನು ಸ್ಕ್ರೋಲ್ ಮಾಡಿದ ಕೂಡಲೇ ಎಳೆದಂತಾಗುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕೆಲಸ ಮಾಡುವವರು ಅರ್ಧ ರೆಸಲ್ಯೂಶನ್ನಿನ ಸೆಷನ್ ತೆರೆದು, ಹಿಗ್ಗಿಸಿ ನೋಡುವುದೇ ಲೇಸು.

ಪ್ರಶ್ನೆ: ಆಚೆಯದು ಲಿನಕ್ಸ್ ಆದರೆ?

ಲಿನಕ್ಸ್‌ಗೆ ರಿಮೋಟ್ ಡೆಸ್ಕ್‌ಟಾಪ್ ಸಂಪರ್ಕ ಕೊಡುವ ಎಕ್ಸ್‌ಆರ್‌ಡಿಪಿ ಬಳಸುತ್ತಿದ್ದರೆ ಸ್ಕೇಲ್ ತಾನಾಗಿ ಹೊಂದಿಕೊಳ್ಳುತ್ತದೆಂದು ನಂಬಿಕೊಳ್ಳಬೇಡಿ. ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್‌ನಲ್ಲಿ ಅಪಿಯರೆನ್ಸ್ ಸೆಟ್ಟಿಂಗ್‌ನ ಫಾಂಟ್ಸ್ ಭಾಗದಲ್ಲಿ ಡಿಪಿಐಯನ್ನು 96ರಿಂದ 144 ಅಥವಾ 192ಕ್ಕೆ ಏರಿಸಿ.

ಪ್ರಶ್ನೆ: ಒಂದೇ ಸರ್ವರ್‌ಗೆ ಹತ್ತು ಜನ ಬೇರೆ ಬೇರೆ ಲ್ಯಾಪ್‌ಟಾಪ್‌ಗಳಿಂದ ಬರುತ್ತಾರೆ. ಒಬ್ಬರ ಸ್ಕೇಲ್ ಇನ್ನೊಬ್ಬರಿಗೆ ತಟ್ಟುತ್ತದೆಯೇ?

ತಟ್ಟುವುದಿಲ್ಲ, ಸ್ಕೇಲ್ ಆಯಾ ಸೆಷನ್ನಿಗೆ ಸೀಮಿತ. ಆದರೆ ಸರ್ವರ್‌ನ ಹೊರೆ ಎಲ್ಲರದ್ದೂ ಒಂದೇ. ಗ್ರೂಪ್ ಪಾಲಿಸಿಯಲ್ಲಿ ಸೆಷನ್ನಿನ ಗರಿಷ್ಠ ರೆಸಲ್ಯೂಶನ್ ಮತ್ತು ಮಾನಿಟರ್‌ಗಳ ಸಂಖ್ಯೆಗೆ ಮಿತಿ ಹಾಕುವ ನಿಯಮಗಳಿವೆ. ಒಬ್ಬರು ಎರಡು 4ಕೆ ಮಾನಿಟರ್‌ಗಳಲ್ಲಿ ಸೆಷನ್ ಹರಡಿಕೊಂಡಾಗ ಉಳಿದ ಒಂಬತ್ತು ಮಂದಿಗೆ ಕಾಯುವ ಪಾಡು ಬಾರದಂತೆ ಅವನ್ನು ಬಳಸಿ. ಸೈನ್ ಔಟ್ ಮಾಡದೆ ಹೋಗುವವರಿಂದಲೇ ಮಸುಕಿನ ದೂರುಗಳು ಹೆಚ್ಚಾಗುವುದರಿಂದ, ಕಡಿದುಹೋದ ಸೆಷನ್‌ಗಳನ್ನು ಇಂತಿಷ್ಟು ಗಂಟೆಗಳ ನಂತರ ಮುಗಿಸಿಬಿಡುವ ನಿಯಮವನ್ನೂ ಹಾಕಬಹುದು. ಹಾಗೆ ಮುಗಿಸಿದ ಸೆಷನ್‌ನಲ್ಲಿ ಉಳಿಸದೆ ಬಿಟ್ಟ ಕೆಲಸ ಹಿಂದಿರುಗಿ ಬರುವುದಿಲ್ಲ, ಆದ್ದರಿಂದ ಎಲ್ಲರಿಗೂ ಮುಂಚಿತವಾಗಿ ತಿಳಿಸಿ, ಅದರಲ್ಲೂ ಮಾರ್ಚ್ ಕೊನೆಯ ವಾರ ಬಿಟ್ಟು ಬೇರೆ ಯಾವಾಗಲಾದರೂ ಮಾಡಿ.